ನೇಕಾರ ಓಣಿಯ ಅಡಗಿ ಸಾಲಿ

ಕುದಿಯುವ ನೀರನ್ನು ಜೋಳದ ಹಿಟ್ಟಿನ ಮೇಲೆ ಸುರಿದಾಗ ಒಂದು ವಾಸನೆ ಏಳುತ್ತದೆ. ಹಸಿಯೂ ಅಲ್ಲದ, ಬೆಂದದ್ದೂ ಅಲ್ಲದ, ತುಸು ಸಿಹಿಯಾದ ವಾಸನೆ. ಎರಡು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಹೋಗಿಬಿಡುತ್ತದೆ. ಕಳೆದ ತಿಂಗಳು ಬಾಗಲಕೋಟೆಯ ನಮ್ಮ ಶಾಲೆಯಲ್ಲಿ ಒಂಬತ್ತನೆಯ ತರಗತಿಯ ಮಕ್ಕಳಿಗೆ ಅಡುಗೆಯ ಪಾಠ ಮಾಡುತ್ತಿದ್ದೆ. ಒಗ್ಗರಣೆ, ಎಸರು, ಹದ ಎಂದು ಹಲಗೆಯ ಮೇಲೆ ಬರೆದು, ಒಂದು ಬಟ್ಟಲೆಂದರೆ ಎಷ್ಟು, ಒಂದು ಚಮಚವೆಂದರೆ ಎಷ್ಟು, ನಾಲ್ಕು ಜನರ ಊಟಕ್ಕೆ ಖರ್ಚೇನು ಎಂದು ವಿವರಿಸುತ್ತಿದ್ದೆ. ಹಿಂದಿನ ಮೇಜಿನಲ್ಲಿ ಒಬ್ಬ ಹುಡುಗಿ ಎಸರನ್ನು ಹಿಟ್ಟಿಗೆ ಸುರಿದಳು. ಆ ವಾಸನೆ ಬಂತು. ಸೀಮೆಸುಣ್ಣ ಕೈಯಲ್ಲೇ ನಿಂತಿತು. "ಟೀಚರ್, ಮುಂದ ಏನ್ ಬರಕೊಳ್ಳೂನ್ರಿ?" ಎಂದು ಮಕ್ಕಳು ಕೇಳುತ್ತಿದ್ದರು. ನಾನು ಆಗಲೇ ಇಳಕಲ್ಲಿನಲ್ಲಿದ್ದೆ, ದೊಡ್ಡವ್ವನ ಒಲೆಯ ಮುಂದೆ.

ಗಂಗವ್ವ ನನ್ನ ಅವ್ವನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಮೈದುನರ ಜೊತೆ ನೇಕಾರ ಓಣಿಯ ಮನೆಯಲ್ಲಿದ್ದಳು. ನನ್ನ ಬಾಲ್ಯದ ರಜೆಗಳೆಲ್ಲ ಕಳೆದದ್ದು ಅಲ್ಲೇ. ನಿಮಗೂ ಅಂಥದೊಂದು ಮನೆ ಇದ್ದಿರಬೇಕು; ಈಗ ಬಾಗಿಲ ಗುರುತೂ ಸಿಗದಂಥ ಮನೆ. ಪಡಸಾಲೆಯಲ್ಲಿ ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುವ ಎರಡು ಕುಣಿಮಗ್ಗ, ಹಿಂದೆ ಅಡುಗೆಮನೆ. ನೂಲಿಗೆ ಹಚ್ಚಿದ ಗಂಜಿಯ ವಾಸನೆಯೂ ಬೆಳ್ಳುಳ್ಳಿಯ ಒಗ್ಗರಣೆಯ ವಾಸನೆಯೂ ನಡುವಿನ ಬಾಗಿಲಲ್ಲಿ ಕೂಡುತ್ತಿದ್ದವು. ಆ ಓಣಿಯ ಹುಡುಗಿಯರು ಏಳೆಂಟು ವರ್ಷಕ್ಕೇ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಲು ಕೂರುತ್ತಿದ್ದರು. ಮದುವೆ ಗೊತ್ತಾಗುವವರೆಗೆ ಒಲೆಯ ಹತ್ತಿರ ಸುಳಿಯಲು ಅವರಿಗೆ ಪುರಸೊತ್ತೇ ಇರುತ್ತಿರಲಿಲ್ಲ. ಅಂಥ ಮೂರು ನಾಲ್ಕು ಹುಡುಗಿಯರನ್ನು ದೊಡ್ಡವ್ವ ಮಧ್ಯಾಹ್ನದ ಹೊತ್ತು ಕರೆದು ಕೂಡಿಸಿಕೊಳ್ಳುತ್ತಿದ್ದಳು. ಅವರು ತಂತಮ್ಮ ಮನೆಯಿಂದ ಜೋಳದ ಹಿಟ್ಟು, ಬೇಳೆ ತರಬೇಕು. ಮಾಡಿದ ಅಡುಗೆಯನ್ನು ಸಂಜೆ ಮನೆಗೆ ಒಯ್ಯಬೇಕು. ಓಣಿಯವರು ಅದನ್ನು ಗಂಗವ್ವನ ಅಡಗಿ ಸಾಲಿ ಎನ್ನುತ್ತಿದ್ದರು.

ಅವಳಿಗೆ ಓದುಬರಹ ಬರುತ್ತಿರಲಿಲ್ಲ. ಆದರೆ ಒಂದೊಂದು ಮಾತಿಗೂ ಅರ್ಥ ಹೇಳದೆ ಮುಂದೆ ಹೋಗುತ್ತಿರಲಿಲ್ಲ. "ಎಸರು ಅಂದ್ರ ಬರೇ ಬಿಸಿನೀರಲ್ಲ. ಗುಳ್ಳಿ ತಳದಾಗಿಂದ ಎದ್ದು ಮ್ಯಾಲ ಬಂದು ಒಡೀಬೇಕು," ಎನ್ನುತ್ತಿದ್ದಳು. ಹಿಟ್ಟಿಗೆ ಬೊಗಸೆ, ಬೇಳೆಗೆ ಹಿಡಿ, ಅರಿಸಿನಕ್ಕೆ ಚಿಟಿಕೆ, ಹೀಗೆ ಅವಳ ಅಳತೆಗಳೆಲ್ಲ ಕೈಯಲ್ಲೇ ಇದ್ದವು. ಊಟದ ಖರ್ಚು ತಿಳಿಸಲು ನೆಲದ ಮೇಲೆ ಹುಣಸೆ ಬೀಜ ಹರವುತ್ತಿದ್ದಳು. ಜೋಳಕ್ಕೆ ಇಷ್ಟು, ಬೇಳೆಗೆ ಇಷ್ಟು, ಎಣ್ಣೆಗೆ, ಕಟ್ಟಿಗೆಗೆ ಇಷ್ಟು. ಹುಡುಗಿಯರು ಮುಗಿಯಿತೆಂದು ಏಳುವಾಗ ಇನ್ನೊಂದು ಗುಂಪು ಬೀಜ ಇಟ್ಟು, "ಇದು ನಿನ್ನ ಕೈಯಿಂದು. ಇದನ್ನ ಬಿಟ್ಟು ಲೆಕ್ಕಾ ಮಾಡಬ್ಯಾಡ," ಎನ್ನುತ್ತಿದ್ದಳು. ಮನೆಯ ಅಡುಗೆಗೂ ಕೂಲಿಯೇ ಎಂದು ಅವರು ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ.

ಅವರಲ್ಲಿ ಕಸ್ತೂರಿ ಎಂಬವಳು ನನಗೆ ಬಹಳ ಹಿಡಿಸಿದ್ದಳು. ಉದ್ದನೆಯ ಬೆರಳು, ಅಗಲ ಅಂಗೈ, ದನಿ ಮಾತ್ರ ಸಣ್ಣದು. ರೊಟ್ಟಿ ಬಡಿಯುವುದನ್ನು ಎಲ್ಲರಿಗಿಂತ ಬೇಗ ಕಲಿತಳು. ಗುಡೂರಿನ ಒಂದು ಒಕ್ಕಲುತನದ ಮನೆಗೆ ಅವಳನ್ನು ಕೊಟ್ಟರು. ಮದುವೆಯಾಗಿ ತಿಂಗಳೂ ತುಂಬಿರಲಿಲ್ಲ, ಒಂದು ಮಧ್ಯಾಹ್ನ ಅವಳ ತಾಯಿ ಬಂದು ನಮ್ಮ ಹೊಸ್ತಿಲ ಮೇಲೆ ಕುಸಿದು ಕೂತಳು. "ಗಂಗವ್ವಾ, ಅಡಗಿ ಮನಿಯೊಳಗ ಕಾಲಿಡಬ್ಯಾಡ ಅಂದಾರಂತ ನನ್ನ ಮಗಳಿಗೆ. ಹೊಲದಾಗ ಆಳು ಉಣ್ಣಾಕ ಕುಂತಾಗ ಬ್ಯಾಳಿ ಬಾಯಿಗಿಡಾಕ ಆಗಲಾರದಷ್ಟು ಉಪ್ಪಾಗಿತ್ತಂತ. ಎಲ್ಲಾರೂ ಎದ್ದುಹೋದರಂತ. ಒಮ್ಮೆ ಅಲ್ಲ, ಎರಡು ಸಲ." ದೊಡ್ಡವ್ವ ತನ್ನ ಅಂಗೈಯನ್ನೇ ನೋಡುತ್ತ ಕೂತಳು. ಮರುದಿನ ಬೆಳಿಗ್ಗೆ ನನ್ನ ಕೈಹಿಡಿದುಕೊಂಡು ಗುಡೂರಿನ ಬಸ್ಸು ಹತ್ತಿದಳು.

ಕಸ್ತೂರಿಯ ಅತ್ತೆ ಬಾಗಿಲಲ್ಲೇ ನಿಂತು, "ಇಕಿಗೆ ಅಡಗಿ ಕಲಿಸಿದವ್ರು ನೀವ ಏನ್ರಿ?" ಎಂದರು. ಕಸ್ತೂರಿ ಹಿಂದೆ ಗೋಡೆಗಾತು ತಲೆ ಬಗ್ಗಿಸಿದ್ದಳು.

"ಹೌದ್ರಿ ಅಕ್ಕಾರ. ತಪ್ಪು ನಂದೈತ್ರಿ," ಎಂದಳು ದೊಡ್ಡವ್ವ. "ಎಲ್ಲಾ ಕಲಿಸೀನಿ, ಉಪ್ಪು ಹಾಕೂದು ಕಲಿಸಿಲ್ಲ. ಬಡವರ ಮನಿ ಬ್ಯಾಳಿ ಹಾಳಾದೀತು ಅಂತ ಅಂಜಿ, ಉಪ್ಪು ಅಷ್ಟ ಪ್ರತಿ ಸಲ ನಾನ ಹಾಕತಿದ್ನಿ. ಇವತ್ತೊಂದು ದಿನ ನಿಮ್ಮ ಒಲಿ ಮುಂದ ಕೂಡಾಕ ಬಿಡ್ರಿ."

ಆ ಹೆಂಗಸು ಜಗಳಕ್ಕೆ ಸಿದ್ಧವಾಗಿ ನಿಂತಿದ್ದರು. ತಪ್ಪನ್ನು ತಾನೇ ಒಪ್ಪಿಕೊಂಡವಳಿಗೆ ದಾರಿ ಬಿಟ್ಟರು. ದೊಡ್ಡವ್ವ ಒಲೆಯ ಮುಂದೆ ಕೂತು ಕಸ್ತೂರಿಯ ಅಂಗೈಯನ್ನು ತನ್ನ ಅಂಗೈಯ ಪಕ್ಕಕ್ಕೆ ಇಟ್ಟಳು. ಹುಡುಗಿಯ ಕೈ ಅವಳ ಕೈಯ ಒಂದೂವರೆಯಷ್ಟಿತ್ತು. "ನಾ ಹಾಕೂದು ನೋಡಿ ನೀನೂ ಒಂದು ಹಿಡಿ ಹಾಕೀದಿ. ನನ್ನ ಹಿಡಿ ನಿನ್ನ ಹಿಡಿ ಅಲ್ಲವ್ವಾ. ಇದನ್ನ ನಾ ನೋಡಲೇ ಇಲ್ಲ," ಎಂದಳು. ಬೇಳೆ ಕೆಡಿಸುವುದು ಬೇಡವೆಂದು ಬರೀ ನೀರು ಕಾಯಿಸಿದರು. ಕಸ್ತೂರಿ ತನ್ನ ಕೈಯಿಂದಲೇ ಉಪ್ಪು ಹಾಕುವುದು, ಕಲಕುವುದು, ನೆಕ್ಕಿ ನೋಡುವುದು, ಚೆಲ್ಲಿ ಮತ್ತೆ ಹಾಕುವುದು. ನಾಲ್ಕು ಮಂದಿಗೆ ಎಷ್ಟು, ಹತ್ತು ಮಂದಿಗೆ ಎಷ್ಟು, ಸುಗ್ಗಿಯ ರಾಶಿಗೆ ಬಂದ ಆಳುಗಳಿಗೆ ಎಷ್ಟು. ರುಚಿ ನೋಡುವ ಕೆಲಸ ನನ್ನದೂ ಆಗಿತ್ತು, ನಾಲಿಗೆ ಮರಗಟ್ಟಿತ್ತು. ಮಧ್ಯಾಹ್ನದ ಹೊತ್ತಿಗೆ ಆ ಅತ್ತೆಯೂ ಬಂದು ಪಕ್ಕದಲ್ಲಿ ಕೂತು ಬೆರಳು ಅದ್ದಿ ನೋಡಿದರು. ಯಾರ ಮುಖವನ್ನೂ ನೋಡದೆ, "ನನಗ ಯಾರೂ ಹಿಂಗ ಕುಂತು ಕಲಿಸಲಿಲ್ಲ. ನಮ್ಮತ್ತಿ ತಾಟು ಒಗದಿದ್ಲು," ಎಂದರು. ಅಂದು ಸಂಜೆಯ ಬೇಳೆಯನ್ನು ಕಸ್ತೂರಿಯೇ ಮಾಡಿದಳು. ಮೊದಲ ತಾಟನ್ನು ಅತ್ತೆಗೆ ಬಡಿಸಿ ಪಕ್ಕದಲ್ಲೇ ನಿಂತಳು. ಅವರು ಉಂಡು, ಮತ್ತೊಂದು ರೊಟ್ಟಿಗೆ ಕೈ ಚಾಚಿದರು.

ಮರುದಿನದಿಂದ ದೊಡ್ಡವ್ವ ಸಾಲೆಯಲ್ಲಿ ಉಪ್ಪಿನ ಗಡಿಗೆಯನ್ನು ಮುಟ್ಟಲಿಲ್ಲ. ಹುಡುಗಿಯರೇ ಹಾಕಿದರು. ಎಷ್ಟೋ ಸಾರು ಕೆಟ್ಟವು. ಕೆಟ್ಟದ್ದನ್ನು ನಮ್ಮ ಮನೆಯಲ್ಲಿಟ್ಟುಕೊಂಡು, ನಮ್ಮ ಸಾರನ್ನು ಅವರ ಮನೆಗೆ ಕಳಿಸಿದಳು. ಮೈದುನರು ಗೊಣಗಿದರೂ ಉಂಡರು.

ದೊಡ್ಡವ್ವ ತೀರಿಹೋಗಿ ಐದು ವರ್ಷವಾಯಿತು. ಅವಳ ಉತ್ತರಕ್ರಿಯೆಯ ದಿವಸದ ಊಟಕ್ಕೆ ಅಡುಗೆಯವರನ್ನು ಕರೆಸಿದ್ದರು. ಆದರೆ ಬೆಳಗಿನ ಬಸ್ಸುಗಳಿಗೆ ಹುನಗುಂದದಿಂದ, ಬಾದಾಮಿಯಿಂದ, ಗುಡೂರಿನಿಂದ ಆ ಸಾಲೆಯ ಹುಡುಗಿಯರು ಬಂದಿಳಿದರು. ಕೂದಲು ಬೆಳ್ಳಗಾದವರು, ಮೊಮ್ಮಕ್ಕಳನ್ನು ಕಂಡವರು. ಅಡುಗೆಯವರನ್ನು ಪಕ್ಕಕ್ಕೆ ಕೂಡಿಸಿ ತಾವೇ ಸೆರಗು ಬಿಗಿದರು. ಒಬ್ಬಳು ಪುಂಡಿಪಲ್ಯ, ಒಬ್ಬಳು ಹೋಳಿಗೆ, ಬೇಳೆ ಕಸ್ತೂರಿಯದು. ಎಷ್ಟು ಹಾಕಲಿ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಆ ಮನೆಯಲ್ಲಿ ಒಲೆ ಹೊತ್ತಿದ್ದು ಅದೇ ಕೊನೆಯ ಸಲ. ಮಗ್ಗಗಳು ಅದಕ್ಕೂ ಮೊದಲೇ ಹೋಗಿದ್ದವು. ಮರುವರ್ಷ ಮನೆಯನ್ನೂ ಮಾರಿದರು. ಈಗಲ್ಲಿ ಸೀರೆ ಅಂಗಡಿ ಇದೆ, ಅಡುಗೆಮನೆ ಇದ್ದ ಕಡೆ ಗೋಡೆಯುದ್ದದ ಕನ್ನಡಿ.

ಅಂದು ಪಡಸಾಲೆಯಲ್ಲಿ ಪಂಕ್ತಿಗೆ ಕೂತು ಉಂಡೆ. ಎಲ್ಲವೂ ಹದವಾಗಿತ್ತು. ಆದರೆ ದೊಡ್ಡವ್ವನ ಕೈರುಚಿ ಯಾವುದರಲ್ಲೂ ಇರಲಿಲ್ಲ. ಪಲ್ಯದಲ್ಲಿ ಹುಡುಕಿದೆ, ಬೇಳೆಯಲ್ಲಿ ಹುಡುಕಿದೆ. ಒಂದೊಂದರಲ್ಲೂ ಮಾಡಿದವಳ ಕೈಯೇ ಇತ್ತು. ಅವಳು ಕಲಿಸಿದ್ದೂ ಅದನ್ನೇ ಎಂಬುದು ನನಗೆ ಗೊತ್ತಿತ್ತು. ಆದರೂ ಕಸ್ತೂರಿ ಬೋಗುಣಿ ಹಿಡಿದು ಬಂದು, "ಇನ್ನಷ್ಟು ಹಾಕಲೇನವ್ವಾ?" ಎಂದಾಗ, ಹೊಟ್ಟೆ ತುಂಬಿದ್ದರೂ, "ಹಾಕು ಅಕ್ಕಾ," ಎಂದು ತಾಟು ಮುಂದೆ ಸರಿಸಿದೆ.