ಕೈಗೆ ಗೊತ್ತಿಲ್ಲದ ಅಕ್ಷರ

ಕುಶಾಲನಗರದಲ್ಲಿ ನಮ್ಮದೊಂದು ಡಿಟಿಪಿ ಅಂಗಡಿ. ಮದುವೆ ಕಾಗದ, ತಿಥಿ ಕಾರ್ಡು, ಸಂಘಗಳ ರಸೀದಿ ಪುಸ್ತಕ, ಇಂಥವನ್ನೆಲ್ಲ ಕಂಪ್ಯೂಟರಿನಲ್ಲಿ ಸಿದ್ಧಮಾಡಿ ಪ್ರೆಸ್ಸಿಗೆ ಕಳಿಸುವ ಕೆಲಸ. ನಾನು ಟೈಪ್ ಮಾಡುತ್ತಿದ್ದೆ, ನನ್ನ ಗಂಡ ಪುಟ ಜೋಡಿಸುತ್ತಿದ್ದರು. ನನ್ನ ತವರಿನವರು ಹಾಸನದ ಕಡೆಯಿಂದ ಬಂದು ಹಾರಂಗಿ ನಾಲೆಯ ಬಯಲಲ್ಲಿ ನೆಲೆನಿಂತವರು. ನನ್ನ ಗಂಡನದು ಸಂಪಾಜೆಯ ಕಡೆ, ಮನೆಮಾತು ಕನ್ನಡದ್ದೇ ಒಂದು ಬಗೆಯಾದ ಅರೆಭಾಷೆ. ಮದುವೆಯಾದ ಹೊಸದರಲ್ಲಿ ನನ್ನ ಅತ್ತೆ ಮಾತಾಡಿದ್ದು ನನಗೆ ಅರ್ಧ ತಿಳಿಯುತ್ತಿತ್ತು, ಅರ್ಧ ನಕ್ಕು ದಾಟಿಸುತ್ತಿದ್ದೆ.

ಆಗ ಸಿಗುತ್ತಿದ್ದ ಕನ್ನಡ ಫಾಂಟುಗಳು ನನ್ನ ಗಂಡನಿಗೆ ಹಿಡಿಸುತ್ತಿರಲಿಲ್ಲ. ಒತ್ತಕ್ಷರಗಳು ಮೇಲಿನ ಅಕ್ಷರಕ್ಕೆ ಸಂಬಂಧವೇ ಇಲ್ಲದ ಹಾಗೆ ಕೆಳಗೆ ಬಿದ್ದಿವೆ ಎನ್ನುವುದು ಅವರ ದೂರು. ಭಾನುವಾರ ಅಂಗಡಿಯ ಶಟರ್ ಅರ್ಧ ಎಳೆದುಕೊಂಡು ತಾವೇ ಒಂದು ಫಾಂಟ್ ಬರೆಯಲು ಕೂತರು. ಒಂದೊಂದು ತಲೆಕಟ್ಟು, ಒಂದೊಂದು ಕೊಂಬು ಬರೆದು, ಅಚ್ಚು ತೆಗೆದು, ಗೋಡೆಗೆ ಅಂಟಿಸಿ, ಎದ್ದು ಬಾಗಿಲ ತನಕ ಹೋಗಿ ಅಲ್ಲಿಂದ ನೋಡುವರು. "ಈ 'ಷ' ಸ್ವಲ್ಪ ಹೊಟ್ಟೆ ಬಿಟ್ಟಿದೆ ಅಲ್ವಾ?" ಎಂದು ನನ್ನನ್ನು ಕೇಳುವರು. ನನಗೆ ಎಲ್ಲ 'ಷ'ಗಳೂ ಒಂದೇ. ಆದರೂ "ಹೌದು, ಸ್ವಲ್ಪ" ಅನ್ನುತ್ತಿದ್ದೆ. ಫಾಂಟ್ ಮುಗಿದ ಮೇಲೆ ನಮ್ಮ ಅಂಗಡಿಯ ಕೆಲಸವೆಲ್ಲ ಅದರಲ್ಲೇ ನಡೆಯಿತು. ಸೋಮವಾರಪೇಟೆಯಿಂದಲೂ ಜನ ಬಂದು "ನಿಮ್ಮ ಆ ಗುಂಡಕ್ಷರದಲ್ಲೇ ಮಾಡ್ಕೊಡಿ" ಎನ್ನುತ್ತಿದ್ದರು.

ಅತ್ತೆ ಮೊಣಕಾಲು ನೋವಿಗೆ ನಮ್ಮಲ್ಲಿಗೆ ಬಂದು ನಿಂತಾಗ ಮಧ್ಯಾಹ್ನ ಅಂಗಡಿಯಲ್ಲೇ ಕೂರುತ್ತಿದ್ದರು. ಅವರು ಹುಟ್ಟಿದ್ದು ಕರಿಕೆಯಲ್ಲಿ. ಕಾಡಂಚಿನ ಆ ಊರಿನ ಸಂಗತಿ, ಕೇರಳದ ಗಡಿಯ ಆಚೆಯಿಂದ ಬಟ್ಟೆ ಮಾರಲು ಬರುತ್ತಿದ್ದವರು, ಹೊಳೆ ದಾಟಿಸುತ್ತಿದ್ದ ಅಜ್ಜ, ಎಲ್ಲ ಹೇಳುತ್ತಿದ್ದರು. ಕೆಲಸ ಇಲ್ಲದ ಹೊತ್ತಿನಲ್ಲಿ ಮಗ ಅದನ್ನು ಅವರ ಮಾತಲ್ಲೇ, ತಾನು ಬರೆದ ಅಕ್ಷರದಲ್ಲೇ ಟೈಪ್ ಮಾಡಿಟ್ಟುಕೊಂಡರು. ಪುಸ್ತಕ ಮಾಡುವ ಆಸೆ ಇತ್ತು. ಅತ್ತೆ ತೀರಿಕೊಂಡರು, ಅದು ಕಂಪ್ಯೂಟರಿನಲ್ಲೇ ಉಳಿಯಿತು.

ಆಮೇಲೆ ನನ್ನ ಗಂಡನ ಕಣ್ಣು ಹೋಯಿತು. ಒಂದೇ ಸಲಕ್ಕೆ ಅಲ್ಲ. ಮೊದಲು ಪ್ರೂಫ್ ನೋಡುವಾಗ ಸಾಲಿನ ಕೊನೆ ತಪ್ಪುತ್ತಿತ್ತು. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡು ಬೈದುಕೊಳ್ಳುತ್ತಿದ್ದರು. ಮೈಸೂರಿನ ಡಾಕ್ಟರು ಕಣ್ಣಿನೊಳಗಿನ ಒತ್ತಡ ನರವನ್ನು ತಿಂದಿದೆ ಎಂದರು. "ಹೋದದ್ದು ಬರಲ್ಲ. ಇರೋದನ್ನ ಉಳಿಸ್ಕೊಳ್ಳೋಣ," ಎಂದು ಹನಿ ಬರೆದುಕೊಟ್ಟರು. ಹನಿ ತಪ್ಪದೆ ಹಾಕಿದೆವು. ಆದರೂ ಉಳಿಯಲಿಲ್ಲ.

ಅಂಗಡಿ ಪೂರ್ತಿ ನನ್ನ ಕೈಗೆ ಬಂತು. ಅವರು ಬೆಳಗಿನಿಂದ ಸಂಜೆವರೆಗೆ ಮನೆಯ ಜಗಲಿಯಲ್ಲಿ ಕೂತಿರುತ್ತಿದ್ದರು, ಯಾರೊಂದಿಗೂ ಮಾತಿಲ್ಲ. ದೃಷ್ಟಿ ಇಲ್ಲದ ಒಬ್ಬ ಮೇಷ್ಟ್ರು ಮಡಿಕೇರಿಯಿಂದ ಬಂದು, ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ ಹಾಕಿಕೊಟ್ಟು ಕಲಿಸಿದ ಮೇಲೆ ಮನೆಗೆ ಸ್ವಲ್ಪ ಜೀವ ಬಂತು. ಪತ್ರಿಕೆಯ ಪುಟ ತೆರೆದರೆ ಕಂಪ್ಯೂಟರು ಹೆಣ್ಣುದನಿಯಲ್ಲಿ ಕನ್ನಡ ಓದುತ್ತಿತ್ತು. "ಏ, ಬಾ ಇಲ್ಲಿ, ಕೇಳು," ಎಂದು ನನ್ನನ್ನು ಒಲೆಯ ಮುಂದಿನಿಂದ ಕರೆಯುತ್ತಿದ್ದರು.

ಒಂದು ದಿನ ತಮ್ಮ ಅಮ್ಮನ ಮಾತು ಬರೆದಿಟ್ಟಿದ್ದ ಫೈಲು ತೆರೆಯಲು ಹೇಳಿದರು. ತೆರೆದೆ. ಪರದೆಯ ಮೇಲೆ ಅವರ ಗುಂಡಕ್ಷರ ಸಾಲು ಸಾಲಾಗಿ ನಿಂತಿತು. ಕಂಪ್ಯೂಟರು ಓದತೊಡಗಿತು: ಪಿ, ಕ್ಯೂ, ಡಾಲರ್, ಮತ್ತೆ ಪಿ, ಬ್ರಾಕೆಟ್.

ಇಬ್ಬರೂ ನಕ್ಕೆವು. ಸ್ವಲ್ಪ ಹೊತ್ತಿಗೆ ಅವರು ನಗುವುದು ನಿಲ್ಲಿಸಿದರು.

"ಗೊತ್ತಾಯ್ತು," ಎಂದರು. "ಆಗಿನ ಫಾಂಟೆಲ್ಲ ಹಾಗೇ. ಒಳಗೆ ಕನ್ನಡ ಇಲ್ಲ. ಇಂಗ್ಲಿಷ್ ಅಕ್ಷರಗಳಿಗೆ ನಾನು ಕನ್ನಡದ ಚಿತ್ರ ತೊಡಿಸಿದ್ದೆ ಅಷ್ಟೆ. ನಿನ್ನ ಕಣ್ಣಿಗೆ ಕನ್ನಡ. ಇದಕ್ಕೆ ಕಣ್ಣಿಲ್ಲವಲ್ಲ."

'ನನಗೂ ಇಲ್ಲ' ಎಂದು ಅವರು ಹೇಳಲಿಲ್ಲ. ನಾನು ಎದ್ದು ಹೋಗಿ ಹಾಲು ಕಾಯಿಸಿದೆ.

ಫೈಲನ್ನು, ಒಳಗೂ ಕನ್ನಡವೇ ಇರುವ ಈಗಿನ ಯೂನಿಕೋಡಿಗೆ ಬದಲಾಯಿಸುವ ತಂತ್ರಾಂಶಗಳು ಇವೆಯಂತೆ, ಆದರೆ ಅವೆಲ್ಲ ಹೆಸರಾಂತ ಫಾಂಟುಗಳಿಗೆ. ನಮ್ಮ ಅಂಗಡಿಯ ಫಾಂಟನ್ನು ಯಾರು ಬಲ್ಲರು? ನಾವೇ ಮಾಡಬೇಕಾಯಿತು. ಯಾವ ಕೀಲಿಯ ಕೆಳಗೆ ಅಕ್ಷರದ ಯಾವ ತುಂಡು ಇಟ್ಟಿದ್ದೆ ಎಂದು ಅವರು ನೆನಪಿನಿಂದ ಹೇಳುವರು, ಕೆಲವು ತಪ್ಪಿ ಹೋಗುತ್ತಿದ್ದವು, ನಾನು ಪರದೆ ನೋಡಿ ತಿದ್ದುತ್ತಿದ್ದೆ. ಪ್ರೋಗ್ರಾಂ ಬರೆಯಲು ಮೇಷ್ಟ್ರು ಈಗಿನವರೆಲ್ಲ ಬಳಸುವ ಪೈಥಾನ್ ಎಂಬ ಭಾಷೆ ಸೂಚಿಸಿದರು. ಅದರಲ್ಲಿ ಸಾಲಿನ ಮುಂದೆ ಬಿಡುವ ಖಾಲಿ ಜಾಗಕ್ಕೂ ಅರ್ಥವಿದೆ. ಎಷ್ಟು ಜಾಗ ಬಿಟ್ಟಿದೆ ಎಂದು ಹೇಳಿಸಿಕೊಳ್ಳುವ ದಾರಿಯನ್ನೂ ಮೇಷ್ಟ್ರು ತೋರಿಸಿದರು, ಆದರೂ ಇವರಿಗೆ ಬೇಸರವಾಯಿತು. "ಖಾಲಿ ಜಾಗ ಎಣಿಸ್ಕೊಂಡು ಕೂರೋದು ನನ್ನಿಂದಾಗಲ್ಲ ಮಾರಾಯ್ತಿ. ಎಲ್ಲಿ ಮುಗೀತು ಅಂತ ಬಾಯಲ್ಲಿ ಹೇಳೋ ಭಾಷೆ ಬೇಕು." ಹುಡುಗನಾಗಿದ್ದಾಗ ಕರಿಪರದೆಯ ಕಂಪ್ಯೂಟರಿನಲ್ಲಿ ಕಲಿತ ಬೇಸಿಕ್ ಅವರಿಗೆ ಇನ್ನೂ ನೆನಪಿತ್ತು. ಅದರ ಹೊಸ ರೂಪವೊಂದನ್ನು ಹುಡುಕಿಸಿ ಹಾಕಿಸಿಕೊಂಡರು. ಅವರು ಹೇಳಿದರು, ನಾನು ಟೈಪ್ ಮಾಡಿದೆ. ಮದುವೆ ಕಾಗದವನ್ನು ಹೇಳಿ ಬರೆಸಿದ ಹಾಗೆಯೇ ಇತ್ತು ಅದು.

ಮೊದಲ ಸಲ ಓಡಿಸಿದಾಗ ಕಂಪ್ಯೂಟರು "ಸೂಯರ್" ಎಂದಿತು. ಏನೆಂದು ನೋಡಿದರೆ ಸೂರ್ಯ. ಅರ್ಕಾವೊತ್ತನ್ನು ಕಣ್ಣಿಗೆ ಕಾಣುವ ಹಾಗೆ ಕೊನೆಯಲ್ಲಿ ಹಾಕಿದ್ದೆವು, ನಾಲಿಗೆಗೆ ಅದು ಮೊದಲು ಬರಬೇಕು. ಎತ್ವ ಇರುವಲ್ಲಿ ಒತ್ತು ದಾರಿ ತಪ್ಪಿ, ಎಮ್ಮೆ ಎನ್ನಲು ಕಂಪ್ಯೂಟರು ತೊದಲುತ್ತಿತ್ತು. ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತಿತ್ತು. ಕಾಫಿ ಕುಯಿಲಿನ ಹೊತ್ತಿಗೆ ಶುರುಮಾಡಿದ್ದು, ಕಾಫಿ ಅರಳಿಸುವ ಹೂವಿನ ಮಳೆ ಬಂದು ಹೋದರೂ ಮುಗಿದಿರಲಿಲ್ಲ. ಆದರೆ ಆ ದಿನಗಳಲ್ಲಿ ಅವರು ಹೊತ್ತಿಗೆ ಸರಿಯಾಗಿ ಊಟ ಮಾಡಿದರು, ನನ್ನೊಂದಿಗೆ ಜಗಳವನ್ನೂ ಆಡಿದರು.

ಕೊನೆಗೆ ಓದಿತು. ನನ್ನ ಅತ್ತೆಯ ಅರೆಭಾಷೆಯನ್ನು ಟಿವಿಯ ವಾರ್ತೆಯವಳ ಹಾಗೆ ಓದಿತು. "ಎಂಥ ಮಾಡುದು" ಎನ್ನುವುದು ಅತ್ತೆಯ ಬಾಯಲ್ಲಿ ಉಸಿರು ಬಿಟ್ಟಂತೆ ಬರುತ್ತಿತ್ತು. ಯಂತ್ರ ಅದನ್ನು ಖಡಾಖಂಡಿತವಾಗಿ ಹೇಳಿ ಮುಂದಿನ ಸಾಲಿಗೆ ಹೋಯಿತು. ಅವರು ಕೊನೆಯವರೆಗೂ ಕೇಳಿದರು. ಮುಖ ಒರೆಸಿಕೊಂಡು, "ಅಮ್ಮ ಹೀಗೆ ಹೇಳ್ತಾ ಇರ್ಲಿಲ್ಲ. ಆದ್ರೆ ಹೇಳಿದ್ದು ಇದೇ," ಎಂದರು.

ಆಮೇಲೆ, "ನೋಡೋಕೆ ಹೇಗಿದೆ?" ಎಂದರು.

"ಏನು?"

"ಅಕ್ಷರ."

ಬದಲಾಯಿಸಿದ ಮೇಲೆ ಅದು ಕಂಪ್ಯೂಟರಿನ ಜೊತೆಗೇ ಬರುವ ಫಾಂಟಿನಲ್ಲಿತ್ತು. "ಎಲ್ಲರದ್ದೂ ಇರೋ ಹಾಗೇ ಇದೆ ರೀ," ಎಂದೆ.

ಅವರ ಫಾಂಟನ್ನೇ ಯೂನಿಕೋಡಿಗೆ ಸರಿಯಾಗಿ ಮತ್ತೆ ಕಟ್ಟಬಹುದಿತ್ತು. ಅದಕ್ಕೆ ಪ್ರತಿ ಒತ್ತನ್ನೂ ಪ್ರತಿ ಅಕ್ಷರದ ಕೆಳಗೆ ಕೂರಿಸಿ ಕಣ್ಣಿಂದ ನೋಡಿ ತೂಗಬೇಕು. ನಾನು ಪ್ರಯತ್ನಿಸಿದೆ. ನನಗೆ ಎಲ್ಲವೂ ಸರಿಯಾಗಿಯೇ ಕಂಡವು. ಅದೇ ತೊಂದರೆ ಆಯಿತು.

ಆಗ ನನಗೆ ಒಂದು ಕಲ್ಲು ನೆನಪಾಯಿತು. ಸಂಪಾಜೆಯ ರಸ್ತೆಯಲ್ಲಿ ಒಂದು ಮನೆಯವರು ತಮ್ಮ ತಂದೆಯ ನೆನಪಿಗೆ ಬಸ್ ತಂಗುದಾಣ ಕಟ್ಟಿಸಿದ್ದರು. ಗೋಡೆಯಲ್ಲಿ ಕೂರಿಸಿದ ಕಪ್ಪು ಕಲ್ಲಿನ ಬರಹ ನಮ್ಮ ಅಂಗಡಿಯಲ್ಲಿ ಅಚ್ಚು ತೆಗೆದು ಕೊಟ್ಟಿದ್ದು. ಕೆತ್ತುವವನು ಆ ಕಾಗದವನ್ನೇ ಕಲ್ಲಿಗೆ ಅಂಟಿಸಿ ಕೆತ್ತಿದ್ದ. ಮುಟ್ಟಿದರೆ ಸಿಗುವ ನನ್ನ ಗಂಡನ ಅಕ್ಷರ ಅದೊಂದೇ. ಹೇಳಿದ ಕೂಡಲೇ ಅವರು ಶರ್ಟ್ ಬದಲಾಯಿಸಿ ಹೊರಟು ನಿಂತರು.

ಬಸ್ಸಿಳಿದು ಅವರ ಕೈ ಹಿಡಿದು ಒಳಗೆ ಕರೆದೊಯ್ದೆ. ಬೆಂಚಿನ ಮೇಲೆ ಸೌದೆ ಕಟ್ಟು ಇಟ್ಟುಕೊಂಡು ಕೂತಿದ್ದ ಹೆಂಗಸೊಬ್ಬರು ಸರಿದು ಜಾಗ ಬಿಟ್ಟರು. ಗಂಡನ ಬೆರಳನ್ನು ಕಲ್ಲಿನ ಮೊದಲ ಸಾಲಿಗೆ ಇಟ್ಟೆ. ಬಹಳ ನಿಧಾನವಾಗಿ ಹೋದರು. ಹಿಂದಕ್ಕೆ ಬಂದರು. ಮತ್ತೆ ಹೋದರು.

"ಇದು ನನ್ನದಲ್ಲ," ಎಂದರು.

"ನಿಮ್ಮದೇ ರೀ. ನಾನು ನೋಡ್ತಾ ಇದೀನಲ್ಲ."

"ಅಲ್ಲ. ಕೆತ್ತೋನು ತನ್ನ ಕೈಗೆ ಬಂದ ಹಾಗೆ ಕೆತ್ತಿದಾನೆ."

ನಾನು ಕಲ್ಲಿಗೆ ಮುಖ ಹಚ್ಚಿ ನೋಡಿದೆ. ಅವೇ ದುಂಡು, ಮೇಲಿನ ಅಕ್ಷರದ ಮಡಿಲಲ್ಲಿ ಕೂತ ಹಾಗಿದ್ದ ಅವೇ ಒತ್ತುಗಳು. ಮತ್ತೆ ಹಾಗೆಂದೆ. ಅವರು ಕಲ್ಲಿನ ಮೇಲೆ ಅಂಗೈ ಊರಿದರು.

"ಇರಬಹುದು," ಎಂದರು ಕೊನೆಗೆ. "ನಾನು ಇವನ್ನ ಯಾವತ್ತೂ ಮುಟ್ಟಿರಲಿಲ್ಲವಲ್ಲ. ಕೈಗೆ ಗೊತ್ತಿಲ್ಲ."

ಸೌದೆಯ ಹೆಂಗಸು ಕಲ್ಲಿನ ಮೇಲಿನ ಹೆಸರು ತೋರಿಸಿ "ಯಾರು, ನಿಮ್ಮ ತಂದೆಯಾ?" ಎಂದು ಕೇಳಿದರು. ಅಲ್ಲ ಎಂದೆ. ಬಸ್ಸು ಬರುವ ತನಕ ಮೂವರೂ ಒಂದೇ ಬೆಂಚಿನಲ್ಲಿ ಕೂತಿದ್ದೆವು.

ಅದಾದ ಮೇಲೆ ಅವರು ಅಕ್ಷರದ ಮಾತೆತ್ತಿಲ್ಲ. ಹಳೆಯ ಫಾಂಟನ್ನು ಕಂಪ್ಯೂಟರಿನಿಂದ ತೆಗೆಯಲಾ ಎಂದು ಒಮ್ಮೆ ಕೇಳಿದೆ. "ಇರ್ಲಿ ಬಿಡು, ಅದೇನು ಊಟ ಕೇಳುತ್ತಾ?" ಎಂದರು. ಈಗ ಮದುವೆ ಕರೆಯೋಲೆಗಳೆಲ್ಲ ಫೋನಿಗೇ ಬರುತ್ತವೆ. ಎಲ್ಲವೂ ಚಿತ್ರಗಳು. ಬಣ್ಣ, ಹೂವು, ಅದರೊಳಗೆ ಹೆಸರು, ಮುಹೂರ್ತ. ಅವರ ಫೋನು "ಚಿತ್ರ" ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಅವರು ಫೋನನ್ನು ನನ್ನತ್ತ ಚಾಚುತ್ತಾರೆ. ಯಾರ ಮನೆಯದು, ಎಲ್ಲಿ, ಎಷ್ಟು ಹೊತ್ತಿಗೆ ಎಂದು ಓದಿ ಹೇಳುತ್ತೇನೆ.