ಒಂದು ಕಂಬ, ನಾಲ್ಕು ಬಂಬ್

ವಾಯರ್‌ಲೆಸ್ ಆಪರೇಟರ್ ನೌಕರಿಯಿಂದ ನಿವೃತ್ತನಾದ ಮೇಲೆ ನನ್ನ ಸೋದರಮಾವ ಬೈಲಹೊಂಗಲದ ಮನೆಯ ಮಾಳಿಗೆಯ ಮೇಲೆ ನಾಲ್ಕು ಆಂಟೆನಾ ಕಂಬ ನಿಲ್ಲಿಸಿದ್ದ. ಮೂರು ಕೇಳುವುದಕ್ಕೆ, ಒಂದು ಮಾತಾಡುವುದಕ್ಕೆ. ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಅವನ ಜೊತೆ ನೌಕರಿ ಮಾಡಿದ ಒಬ್ಬೊಬ್ಬ ಗೆಳೆಯನಿದ್ದ. ನಾಲ್ವರಿಗೂ ಲೈಸೆನ್ಸ್ ಇತ್ತು, ನಾಲ್ವರದೂ ಬೇರೆ ಬೇರೆ ತರಂಗಾಂತರ. ದಿನಾ ಮುಂಜಾನೆ ಅವರು ಚರ್ಚಿಸುತ್ತಿದ್ದ ವಿಷಯ ಯಾರ ಮನೆಯಲ್ಲಿ ಏನು ನಾಷ್ಟಾ ಎಂಬುದು. ಪತ್ರಿಕೆಯ ವರದಿಗಾರನಾದ ನಾನು ಹಲವು ಸಲ ಕೂತು ಕೇಳಿದ್ದೇನೆ. ಬೇರೆ ಸುದ್ದಿ ಬಂದದ್ದು ನೆನಪಿಲ್ಲ.

ಒಂದು ಬೇಸಿಗೆಯಲ್ಲಿ ಶಾವಿಗೆ ಒಣಹಾಕಲು ಮಾಳಿಗೆಗೆ ಹೋದ ಅತ್ತೆ, ಕಂಬದ ಬಿಗಿತಂತಿಗೆ ಕಾಲು ಸಿಕ್ಕಿ, ಹರವಿದ ಶಾವಿಗೆಯ ಮೇಲೆಯೇ ಕೂತುಬಿಟ್ಟಳು.

"ಒಂದು ಕಂಬ ಇರಲಿ. ಮೂರು ತಗೀರಿ," ಎಂದಳು ಕೂತಲ್ಲಿಂದಲೇ.

"ಹಂಗಾದ್ರ ಉಳಿದವರನ್ನ ಹೆಂಗ ಕೇಳಬೇಕು?"

"ಮೊಬೈಲ್‌ನ್ಯಾಗ ಕೇಳ್ರಿ. ಉಪ್ಪಿಟ್ಟಿನ ಸುದ್ದಿಗೆ ಕಂಬ ಯಾಕ ಬೇಕು?"

ಮಾಮಾ ಒಂದು ಉಪಾಯ ಹುಡುಕಿದ. ಒಂದೇ ಕಂಬದ ತಂತಿಗೆ ನಾಲ್ಕು ಫಿಲ್ಟರ್‌ಗಳನ್ನು ಜೋಡಿಸುವುದು. ಒಂದೊಂದು ಫಿಲ್ಟರ್ ಒಂದೊಂದು ಊರಿನ ಧ್ವನಿಯನ್ನಷ್ಟೇ ಹಾಯಲು ಬಿಟ್ಟು ಉಳಿದದ್ದನ್ನು ತಡೆಯುತ್ತದೆ. ಜೋಡಿಸಿದ ಈ ಇಡೀ ಸಂಸಾರಕ್ಕೆ ಮಲ್ಟಿಪ್ಲೆಕ್ಸರ್ ಎಂದು ಹೆಸರು. ಪ್ರತಿ ಫಿಲ್ಟರ್‌ಗೂ ಒಂದು ದೊಡ್ಡ ತಾಮ್ರದ ಸಿಲಿಂಡರ್, ಅದರ ನಡುವೆ ನಿಂತ ಒಂದು ತಾಮ್ರದ ಕೊಳವೆ ಬೇಕು. ಇದರ ಚಿತ್ರ ಬರೆದು ನೋಡಿದ ಮಾಮಾ, ಎದ್ದು ಸೀದಾ ಬಚ್ಚಲಿಗೆ ಹೋದ. ಸ್ನಾನದ ನೀರು ಕಾಯಿಸುವ ಬಂಬ್ ಅಲ್ಲಿತ್ತು. ತಾಮ್ರದ ಸಿಲಿಂಡರ್, ನಡುವೆ ಬೆಂಕಿ ಹಾಕುವ ಕೊಳವೆ.

ಮಾಳಿಗೆಗೆ ಸೋಲಾರ್ ಬಂದ ಮೇಲೆ ಎಲ್ಲ ಊರಲ್ಲೂ ಬಂಬ್‌ಗಳು ಗುಜರಿಯಾಗಿ ಮೋಡಕಾ ಅಂಗಡಿ ಸೇರಿದ್ದವು. ಗೆಳೆಯರು ತಮ್ಮ ತಮ್ಮ ಊರಿಂದ ಒಂದೊಂದನ್ನು ಬಸ್ಸಿಗೆ ಹಾಕಿ ಕಳಿಸಿದರು. ಮಾಮಾನ ಸ್ವಂತ ಧ್ವನಿಗೆ ಬೇಕಾದ ನಾಲ್ಕನೆಯದು ಮಾತ್ರ ಕಷ್ಟದ್ದು. ಅದು ಅತ್ತೆಯ ಮದುವೆಯಲ್ಲಿ ತೊರಗಲ್ಲಿನ ತವರಿಂದ ಬಂದದ್ದು. ನೀರು ಕಾಯಿಸುವುದು ನಿಂತರೂ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕುವುದನ್ನು ಅವಳು ಬಿಟ್ಟಿರಲಿಲ್ಲ.

"ತೂತು ಹಾಕಬಾರದು," ಎಂದಳು ಅತ್ತೆ. "ಪಂಚಮಿಯೊಳಗ ನಿಮ್ಮ ನಾಲ್ಕೂ ಊರು ಮಾತಾಡಬೇಕು. ಇಲ್ಲಾಂದ್ರ ಬಂಬ್ ಬಚ್ಚಲಕ್ಕ, ನಿಮ್ಮ ರೇಡಿಯೋ ಮೋಡಕಾಕ್ಕ."

ಮಾಮಾ ಒಪ್ಪಿದ. ನಲ್ಲಿ ಬಿಚ್ಚಿದ ತೂತಿನಿಂದಲೇ ತಂತಿ ಒಳಗೆ ಬಿಟ್ಟ. ಬಚ್ಚಲಲ್ಲೇ ಪರೀಕ್ಷೆ ಮಾಡಿದಾಗ ಅತ್ತೆಯ ಬಂಬ್ ಉಳಿದ ಮೂರಕ್ಕಿಂತ ಚೆನ್ನಾಗಿತ್ತು. ಅದನ್ನು ಹೊರಲು ಆಳು ಕರೆಯಲೆಂದು ಅವನು ಓಣಿಗೆ ಹೋಗಿ ಬಂದ. ಆಮೇಲೆ ಅದು ಮಾಳಿಗೆಯ ಕೋಣೆಗೆ ಏರಿತು, ನಾಲ್ಕೂ ಒಂದಕ್ಕೊಂದು ಕೂಡಿದವು.

ಕೂಡಿದ್ದೇ ತಡ, ಎಲ್ಲ ಕೆಟ್ಟಿತು. ಮಾಮಾ ಮಾತಾಡಿದರೆ ಯಾರಿಗೂ ಕೇಳಿಸುತ್ತಿರಲಿಲ್ಲ. ಸವದತ್ತಿಯನ್ನು ಸರಿ ಮಾಡಿದರೆ ಕಿತ್ತೂರು ಹೋಗುತ್ತಿತ್ತು, ಕಿತ್ತೂರನ್ನು ಹಿಡಿದರೆ ರಾಮದುರ್ಗ ಗೊರಗೊರ ಎನ್ನುತ್ತಿತ್ತು. ಮಾಮಾ ಮೊದಲು ಹೆದರಲಿಲ್ಲ. ಒಂಟಿಯಾಗಿ ನೆಟ್ಟಗಿರುವ ಫಿಲ್ಟರ್‌ಗಳು ಕೂಡಿದಾಗ ಒಂದನ್ನೊಂದು ಕೆಡಿಸುವುದು ಆ ವಿದ್ಯೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿಯಂತೆ.

"ಕೂಡಿದ ಮನಿ ಇದ್ದಂಗ, ತಮ್ಮಾ," ಎಂದ ನನಗೆ. "ಒಬ್ಬಾಕಿ ಒಲಿ ಹಚ್ಚಿದ್ರ ಇನ್ನೊಬ್ಬಾಕಿ ಕಣ್ಣಾಗ ಹೊಗಿ. ತಿರುವಿಕೋತ ಹೋದ್ರ ಹೊಂದತಾವ."

ತಿರುವುತ್ತಲೇ ಹೋದ. ಶ್ರಾವಣ ಬಂತು. ಗೆಳೆಯರು ಮೊಬೈಲಿನಲ್ಲಿ ಜಗಳಕ್ಕಿಳಿದರು. ಕಿತ್ತೂರಿನವರು ರಾಮದುರ್ಗದ ಬಂಬಿನ ತಳ ಸುಟ್ಟಿದೆ ಎಂದರು. ರಾಮದುರ್ಗದವರು ಕಿತ್ತೂರಿನದು ತಾಮ್ರವೇ ಅಲ್ಲ ಎಂದರು. ಸವದತ್ತಿಯವರು ಖುದ್ದಾಗಿ ಬಸ್ ಹತ್ತಿ ಬಂದು, ನಾಲ್ಕಕ್ಕೂ ಕಿವಿ ಹಚ್ಚಿ ಕೇಳಿ, ಊಟ ಮಾಡಿ ಹೋದರು. ಕೆಳಗೆ ಅತ್ತೆ ಬಂಬ್ ಇಡುವ ಜಾಗವನ್ನು ತೊಳೆಯತೊಡಗಿದಳು.

ಪಂಚಮಿ ಎರಡು ದಿನ ಇದೆ ಎನ್ನುವಾಗ ನಾನು ಮಾಳಿಗೆಯ ಮೆಟ್ಟಿಲಲ್ಲಿ ಇರುವೆಗಳ ಸಾಲು ನೋಡಿದೆ. ಸುದ್ದಿಯ ಮೂಲ ಹುಡುಕುವ ಚಟ ನನಗೆ. ಸಾಲಿನ ಬೆನ್ನು ಹತ್ತಿದೆ. ಅದು ಕಿತ್ತೂರನ್ನು ಬಿಟ್ಟು, ರಾಮದುರ್ಗವನ್ನು ದಾಟಿ, ಅತ್ತೆಯ ಬಂಬಿನ ನಲ್ಲಿಯ ತೂತಿನೊಳಗೆ ಹೊಕ್ಕಿತು.

ಮಾಮಾ ಮುಚ್ಚಳ ತೆಗೆದ. ಒಳಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಬೆಲ್ಲದ ಹರಳು, ಅರಿಶಿನ ಕೊಂಬು. ನಡುವಿನ ಕೊಳವೆಗೆ ಅಚ್ಚುಕಟ್ಟಾಗಿ ಸುತ್ತಿದ ಹಸಿರು ಕುಬಸದ ಕಣ, ಹೊಲಿಯದ ರವಿಕೆಬಟ್ಟೆ.

ಅತ್ತೆಯನ್ನು ಕರೆದೆವು. ಅವಳು ನಾಚಲಿಲ್ಲ.

"ಉಡಿ ತುಂಬೇನಿ. ನೀವು ಆಳು ಕರ್ಯಾಕ ಹೋಗಿದ್ರಿ. ತವರಿನ ಬಂಬ್ ಬ್ಯಾರೆ ಕಡೆ ಬಾಳಾಕ ಹೊಂಟಿತ್ತು. ಬರೇ ಉಡೀಲೆ ಕಳಸ್ತಾರೇನ್ರಿ?"

"ಅದು ಫಿಲ್ಟರ್. ಒಳಗ ಖಾಲಿ ಇದ್ರನ ನೆಟ್ಟಗಿರತೈತಿ."

"ನಿಮಗ ಫಿಲ್ಟರ್. ನನಗ ನಮ್ಮವ್ವ ಕೊಟ್ಟದ್ದು."

"ಆತು. ಈಗ ತಗದು ಚೆಲ್ಲೂಣು?"

"ಉಡಿ ಅಕ್ಕಿ ಚೆಲ್ಲತಾರ? ಗಂಡನ ಮನಿಯವರು ಅನ್ನಾ ಮಾಡಿ ಉಣ್ಣಬೇಕು. ಇದರ ಗಂಡನ ಮನಿ ನಿಮ್ಮದ. ನೀವ ಮಾಡ್ರಿ."

ಮಾಮಾ ಹುಟ್ಟಿದಾಗಿನಿಂದ ಚಹಾ ಕೂಡ ಮಾಡಿದವನಲ್ಲ. ಅಂದು ಇರುವೆ ಆರಿಸಿ, ಅಕ್ಕಿ ತೊಳೆದು, ಅಡುಗೆಮನೆಯಲ್ಲಿ ಮೊದಲ ಸಲ ಅನ್ನಕ್ಕಿಟ್ಟ. ಅದು ಗಂಜಿಗೂ ಅನ್ನಕ್ಕೂ ನಡುವಿನ ಯಾವುದೋ ಪದಾರ್ಥವಾಯಿತು. ಇಬ್ಬರೂ ಉಂಡೆವು. ಅತ್ತೆ ತಾನು ತವರಿನ ಕಡೆಯವಳೆಂದು ಉಣ್ಣಲಿಲ್ಲ.

ಮರುದಿನ ಮುಂಜಾನೆ ಮಾಮಾ ನಾಲ್ಕನ್ನೂ ಮತ್ತೆ ತಿರುವಿ ಹೊಂದಿಸಿದ. ಒಂದೇ ಕಂಬದಿಂದ ಕಿತ್ತೂರು, ಸವದತ್ತಿ, ರಾಮದುರ್ಗ ಮೂರೂ ಒಟ್ಟಿಗೆ ಬಂದವು. ಮೂವರೂ ಒಮ್ಮೆಲೇ "ಕೇಳಸ್ತೈತೇನ್ರಿ" ಎನ್ನುತ್ತಿದ್ದುದರಿಂದ ಏನೂ ತಿಳಿಯಲಿಲ್ಲ. ಮಾಮಾ ಮೈಕ್ ಹಿಡಿದು, "ನಾಷ್ಟಾ ಏನ್ರಿ?" ಎಂದ. ಮೂರೂ ಊರುಗಳು ಉತ್ತರ ಕೊಟ್ಟವು. ಎರಡು ಉಪ್ಪಿಟ್ಟು, ಒಂದು ಅವಲಕ್ಕಿ.

"ಗೆದ್ದೆ," ಎಂದ ಮಾಮಾ. ಬಾಗಿಲಲ್ಲಿ ನಿಂತಿದ್ದ ಅತ್ತೆ ಹೌದೆಂದು ಗೋಣು ಹಾಕಿದಳು.

"ನಿಮ್ಮ ಬಂಬ್ ನಿಮ್ಮಲ್ಲೇ ಇರಲಿ. ಆದ್ರ ನಾಳೆ ಪಂಚಮಿ. ಹೆಣ್ಣಮಕ್ಕಳು ತವರಿಗೆ ಬರತಾರ. ಕರಿಯಾಕ ಬಂದೇನಿ."

ಮಾಮಾ ಮೈಕ್ ಕೆಳಗಿಟ್ಟು ತಂತಿ ಬಿಚ್ಚಿದ. ಬಂಬ್ ಇಳಿಯಿತು. ಒಂದು ಹೋದ ಮೇಲೆ ಉಳಿದ ಮೂರೂ ಹಾದಿ ತಪ್ಪಿದವು. ಹಬ್ಬದ ದಿನ ಅತ್ತೆ ಅದರಲ್ಲಿ ಬೆಂಕಿ ಹಾಕಿ ನೀರು ಕಾಯಿಸಿದಳು. ಎಲ್ಲರಿಗೂ ಎಣ್ಣೆ ಸ್ನಾನವಾಯಿತು. ರೇಡಿಯೋದಲ್ಲಿ ಮಾಮಾ ಸಿಗಲಿಲ್ಲವೆಂದು ಗಾಬರಿಯಾಗಿ ಮೂವರೂ ಗೆಳೆಯರು ಮೊಬೈಲಿಗೆ ಫೋನ್ ಮಾಡಿದರು. ಮಾಮಾ ಸ್ನಾನ ಮಾಡಿ ಮಲಗಿದ್ದ. ಅತ್ತೆಯೇ ಅವರಿಗೆ ನಾಷ್ಟಾದ ಸುದ್ದಿ ತಿಳಿಸಿದಳು.

ಹಬ್ಬ ಮುಗಿಸಿ ಬಂಬ್ ಮೇಲೇರುವಾಗ ಮಾಮಾ ಮೆಟ್ಟಿಲಲ್ಲೇ ತಡೆದು ನಿಲ್ಲಿಸಿ ಮುಚ್ಚಳ ತೆಗೆದ. ಒಳಗೆ ಬಾಳೆ ಎಲೆಯಲ್ಲಿ ಸುತ್ತಿದ ಶೇಂಗಾ ಉಂಡಿ ಇದ್ದವು. ಒಂದನ್ನು ನನಗೆ ಕೊಟ್ಟ, ಒಂದನ್ನು ಬಾಯಿಗೆ ಹಾಕಿಕೊಂಡ, ಬಂಬನ್ನು ಬೋರಲು ಹಾಕಿ ಕೊಡವಿದ.

"ದೀಪಾವಳಿಗೂ ಕರಿಯಾಕ ಬರತೇನಿ," ಎಂದಳು ಅತ್ತೆ ಕೆಳಗಿನಿಂದ.