ಎಂಟು ಗಂಟೆಯ ಟೇಬಲ್

ಚೆಂಬಿನಿಂದ ತಟ್ಟೆಗೆ ನೀರು ಬೀಳುವ ಸದ್ದು. ನಮ್ಮ ಯಜಮಾನರು ಊಟ ಮುಗಿಸಿ ಎದ್ದು ಹೋಗಿ ಕೈ ತೊಳೆಯುವವರಲ್ಲ. ಈ ಕಡೆಯ ಬಹಳ ಜನರಂತೆ ಉಂಡ ತಟ್ಟೆಯಲ್ಲೇ ಕೈ ತೊಳೆಯುವವರು. ಮೊದಲು ಸ್ಟೀಲಿನ ಮೇಲೆ ನೀರು ಬಿದ್ದ ಸದ್ದು, ಹಿಂದೆಯೇ ಬೆರಳು ಬೆರಳು ಉಜ್ಜಿಕೊಳ್ಳುವ ಸದ್ದು. ಅದು ಕೇಳಿಸಿದ ಕೂಡಲೇ ಅಡುಗೆಮನೆಯಲ್ಲಿ ಅವರ ಅಕ್ಕ ಸ್ಟ್ಯಾಂಡಿನಿಂದ ಎರಡು ತಟ್ಟೆ ಎಳೆಯುತ್ತಿದ್ದರು. ಒಂದು ತಮಗೆ, ಒಂದು ನನಗೆ. ಮದುವೆಯಾದಾಗಿನಿಂದ ನಾನು ಊಟಕ್ಕೆ ಕೂತದ್ದೆಲ್ಲ ಆ ಸದ್ದಾದ ಮೇಲೆ.

ಅವರನ್ನು ನಾನೂ ಅಕ್ಕ ಎಂದೇ ಕರೆಯುತ್ತಿದ್ದೆ. ಗೋವಿನಕೋವಿಯಲ್ಲಿ ಇವರ ತಾಯಿ ತೀರಿಕೊಂಡಾಗ ಇವರಿಗೆ ಎರಡು ವರ್ಷ, ಅಕ್ಕನಿಗೆ ಹನ್ನೊಂದು. ಅಂದಿನಿಂದ ತಮ್ಮ ಉಂಡದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಅವರು ಉಣ್ಣುತ್ತಿದ್ದುದು. ಅದು ಹರಕೆಯೂ ಅಲ್ಲ, ವ್ರತವೂ ಅಲ್ಲ. ಮನೆಯಲ್ಲಿ ಅನ್ನ ಕಡಿಮೆಯಿದ್ದ ಕಾಲದಲ್ಲಿ ಶುರುವಾಗಿದ್ದು, ಅನ್ನ ಸಾಕಷ್ಟಾದ ಮೇಲೂ ನಿಲ್ಲಲಿಲ್ಲ. ತಮ್ಮ ಪಿಯುಸಿಗೆ ಹಾಸ್ಟೆಲ್ ಸೇರಿದ ಮೇಲಷ್ಟೇ ಅವರು ಮದುವೆಗೆ ಒಪ್ಪಿದ್ದಂತೆ. ಜಗಳೂರಿನ ಮನೆಗೆ ಹೋಗಿ ನಾಲ್ಕು ವರ್ಷಕ್ಕೆ ಗಂಡ ತೀರಿಕೊಂಡರು. ಅಲ್ಲಿಂದಾಚೆಗೆ ತಮ್ಮನಿದ್ದಲ್ಲಿ ಅಕ್ಕ. ಇವರು ದನದ ಡಾಕ್ಟರು. ನ್ಯಾಮತಿ, ಚನ್ನಗಿರಿ, ಕಡೆಗೆ ಹೊನ್ನಾಳಿ ಎಂದು ಟ್ರಾನ್ಸ್‌ಫರ್ ಆದಲ್ಲೆಲ್ಲ ಅಡುಗೆಮನೆಯನ್ನು ಮೊದಲು ಹೊಕ್ಕವರು ಅಕ್ಕನೇ.

ನಾನು ಚನ್ನಗಿರಿಯಲ್ಲಿ ಹುಟ್ಟಿ ಶಿವಮೊಗ್ಗದ ಕಾನ್ವೆಂಟಿನಲ್ಲಿ ಓದಿದವಳು. ಹಾಸ್ಟೆಲಿನ ಊಟದ ಹಾಲಿನಲ್ಲಿ ಸಿಸ್ಟರ್ ಒಬ್ಬರು ಬೆನ್ನ ಹಿಂದೆ ನಡೆಯುತ್ತಿದ್ದರು. ಎಲ್ಬೋ ಟೇಬಲ್ಲಿನ ಮೇಲೆ ಇಡಬಾರದು, ಬಾಯಿ ಮುಚ್ಚಿ ಅಗಿಯಬೇಕು, ಊಟದ ಹೊತ್ತಿನ ಮಾತು ಪ್ಲೆಸೆಂಟ್ ಆಗಿರಬೇಕು. ಮದುವೆಯೆಂದರೆ ಒಂದು ಟೇಬಲ್ಲು, ಎದುರುಬದುರು ಎರಡು ಕುರ್ಚಿ, ನಡುವೆ ಪ್ಲೆಸೆಂಟ್ ಮಾತು ಎಂದು ನಾನು ಅಂದುಕೊಂಡಿದ್ದೆ. ಮದುವೆಯಾಗಿ ಬಂದ ಎರಡನೆಯ ದಿನ ಹಾಗೆಯೇ ತಟ್ಟೆ ತೆಗೆದುಕೊಂಡು ಹೋಗಿ ಇವರ ಎದುರು ಕೂತೆ. ಅಕ್ಕ ನನಗೂ ಬಡಿಸಿದರು. ಸಿಟ್ಟೇನೂ ಇರಲಿಲ್ಲ. ಪಲ್ಯ ಹಾಕುತ್ತ, "ಹಸಿವು ತಡಿಯಾಕಾಗಲಿಲ್ಲೇನವ್ವಾ?" ಎಂದು ಕೇಳಿದರು, ಅಷ್ಟೇ. ಮಾರನೆಯ ದಿನದಿಂದ ನಾನು ಅಡುಗೆಮನೆಯಲ್ಲಿ ಅವರ ಎದುರು ಕೂತು ಉಂಡೆ. ಮೊದಲು ನೆಲದ ಮೇಲೆ. ಅವರ ಮಂಡಿ ಹೋದ ಮೇಲೆ ಇಬ್ಬರೂ ಸ್ಟೂಲಿನ ಮೇಲೆ.

ಈ ಸಂಗತಿಯನ್ನು ಇಷ್ಟು ಹೇಳಿಕೊಂಡದ್ದು, ನಲವತ್ತೈದನೆಯ ವೆಡ್ಡಿಂಗ್ ಆನಿವರ್ಸರಿಗೆ ಹೋಟೆಲ್ ಆರಿಸುವ ಕೆಲಸ ಬಂದಾಗ ನನಗೆ ನಿಜವಾಗಿ ಏನು ಬೇಕಾಗಿತ್ತು ಎನ್ನುವುದು ತಿಳಿಯಲಿ ಎಂದು. ಒಂದು ಊಟ ಬೇಕಾಗಿತ್ತು. ಇವರ ಎದುರು ಕೂತು, ಮೊದಲಿನಿಂದ ಕಡೆಯವರೆಗೆ, ಮಧ್ಯೆ ಯಾರೂ ಇಲ್ಲದೆ.

ದಾವಣಗೆರೆಯಲ್ಲಿ ಕಾಲೇಜಿನಲ್ಲಿ ಪಾಠ ಮಾಡುವ ಮಗಳು ಫೋನ್ ಮಾಡಿದಳು. "ಅಮ್ಮಾ, ಎರಡು ಹೋಟೆಲ್ ಶಾರ್ಟ್‌ಲಿಸ್ಟ್ ಮಾಡಿ ಫೋಟೋ ಕಳಿಸಿದೀನಿ. ಎರಡೂ ಫೈನ್ ಡೈನಿಂಗ್. ನೀನೇ ಸೆಲೆಕ್ಟ್ ಮಾಡು. ಅಪ್ಪನ್ನ ಮಾತ್ರ ಕೇಳಬೇಡ, ಬೆಣ್ಣೆ ದೋಸೆ ಅಂದುಬಿಡ್ತಾರೆ."

ಕೇಳಲೇಬೇಕಾಯಿತು, ಏಕೆಂದರೆ ಫೋನ್ ಸ್ಪೀಕರಿನಲ್ಲಿತ್ತು. ಮೊದಲನೆಯದು ಶಿವಮೊಗ್ಗದ್ದು. ಫೋಟೋದಲ್ಲಿ ಬೆಳ್ಳಿಯಂತೆ ಹೊಳೆಯುವ ಪಾತ್ರೆಗಳ ಸಾಲು, ಬಫೆ. ಇವರು ಕನ್ನಡಕ ಏರಿಸಿ ನೋಡಿದರು.

"ತಟ್ಟೆ ಹಿಡ್ಕಂಡು ಕ್ಯೂ ನಿಲ್ಲಾಕೆ ನಲವತ್ತೈದು ವರ್ಷ ಸಂಸಾರ ಮಾಡಬೇಕಾಗಿತ್ತಾ?"

ಶಿವಮೊಗ್ಗ ಹೋಯಿತು. ಎರಡನೆಯದು ದಾವಣಗೆರೆಯ ಒಂದು ದೊಡ್ಡ ಹೋಟೆಲಿನ ಮೇಲಂತಸ್ತಿನದು. ಬಿಳಿ ಟೇಬಲ್ ಕ್ಲಾತ್, ಬಟ್ಟೆಯ ನ್ಯಾಪ್‌ಕಿನ್, ಗಾಜಿನ ಆಚೆ ಊರಿನ ದೀಪಗಳು, ಇಬ್ಬರಿಗಷ್ಟೇ ಹಾಕಿದ ಟೇಬಲ್ಲು. ನಾನು ಆ ಫೋಟೋವನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿ ನೋಡಿದೆ. ಎರಡು ಕುರ್ಚಿಗಳು ಎದುರುಬದುರಾಗಿಯೇ ಇದ್ದವು.

"ಎಷ್ಟೊತ್ತಿಗೆ ಉಣ್ಣಾಕೆ ಕೊಡ್ತಾರಂತೆ?" ಸೊಪ್ಪು ಸೋಸುತ್ತಿದ್ದ ಅಕ್ಕ ಕೇಳಿದರು.

"ಎಂಟು ಗಂಟೆಗೆ ಟೇಬಲ್ ಅಂತೆ ಅಕ್ಕಾ."

"ಎಂಟಕ್ಕಾ? ಅಲ್ಲಿಂದ ಬರಾದು ಯಾವಾಗ?"

ದಾವಣಗೆರೆಯಿಂದ ಹೊನ್ನಾಳಿಗೆ ಕಾರಿನಲ್ಲಾದರೂ ಒಂದು ಗಂಟೆ ಬೇಕು. ನಾವು ಮನೆಗೆ ಬಂದ ಮೇಲೆ ತಮ್ಮನ ಮುಖ ನೋಡಿ, ಹೊಟ್ಟೆ ತುಂಬಿದೆ ಎಂದು ಖಾತ್ರಿಯಾಗುವತನಕ ಎಂಬತ್ತು ದಾಟಿದ ಅಕ್ಕ ಖಾಲಿ ಹೊಟ್ಟೆಯಲ್ಲಿ ಕೂತಿರುತ್ತಿದ್ದರು. ಅವರಿಗೆ ಶುಗರ್ ಇತ್ತು. ಮಾತ್ರೆ ನುಂಗಿದ ಹಿಂದೆಯೇ ಊಟವಾಗಬೇಕು ಎಂದು ಡಾಕ್ಟರು ಗದರಿಸಿದ್ದರು. ಒಮ್ಮೆ ಇವರು ಚನ್ನಗಿರಿಯ ಮದುವೆಯೊಂದಕ್ಕೆ ಹೋಗಿ ತಡವಾದಾಗ ಅಕ್ಕ ಮಾತ್ರೆ ನುಂಗಿ ಕಾದು ಕೂತು, ಮೈಯೆಲ್ಲ ಬೆವೆತು ಅಡುಗೆಮನೆಯಲ್ಲಿ ಕುಸಿದಿದ್ದರು. ನಾನೇ ಸಕ್ಕರೆ ನೀರು ಕುಡಿಸಿದ್ದೆ. ಎಚ್ಚರವಾದ ಕೂಡಲೇ ಕೇಳಿದ ಮಾತು, "ಅವನು ಉಂಡನಾ?"

ಮಗಳಿಗೆ ಇದು ಸಣ್ಣ ಪ್ರಾಬ್ಲಮ್. "ಅತ್ತೇ, ಅಪ್ಪ ಉಣ್ಣೋದನ್ನ ಅಲ್ಲಿಂದಲೇ ವಿಡಿಯೋ ಕಾಲ್‌ನಲ್ಲಿ ತೋರಿಸಿದ್ರಾಯ್ತಲ್ಲ?"

"ಫೋನಾಗೆ ಉಂಡಿದ್ದು ಹೊಟ್ಟಿಗೆ ಹೋದದ್ದು ಹೆಂಗೆ ಗೊತ್ತಾಗ್ತತೆ? ನಿಮ್ಮ ಕಾಲೇಜಿನಾಗೆ ಅದನ್ನೂ ಹೇಳ್ಕೊಡ್ತಾರೇನೇ?"

ನಾನು ಅಕ್ಕನನ್ನು ಕರೆಯಲಿಲ್ಲವೆಂದಲ್ಲ. ಅವತ್ತೇ ಸಂಜೆ, "ನೀವೂ ಬರ್ರಿ ಅಕ್ಕಾ, ಮೂವರೂ ಹೋಗಿ ಬರಾಣ" ಎಂದೆ. ಒಳ್ಳೆಯ ಕೆಲಸಕ್ಕೆ ಮೂರು ಜನ ಹೊರಡುವುದು ಅಕ್ಕನಿಗೆ ಆಗುತ್ತಿರಲಿಲ್ಲ. ಅಂಗಡಿಗೆ ಹೋಗುವುದಾದರೂ ಇಬ್ಬರು, ಇಲ್ಲವೇ ನಾಲ್ವರು. "ಮೂವರು" ಎಂದು ಎಣಿಸಿ ಹೇಳಿದ್ದು ನಾನು. ಬೇಡ ಎನ್ನುವುದಕ್ಕೆ ದಾರಿಯನ್ನು ನಾನೇ ಮಾಡಿಕೊಟ್ಟಿದ್ದೆ. ಈಗ ಅದನ್ನು ಬೇರೆ ರೀತಿ ಹೇಳುವುದರಿಂದ ಪ್ರಯೋಜನವಿಲ್ಲ.

ಇವರು ಮೂರನೆಯದೊಂದನ್ನು ತಂದರು. ನ್ಯಾಮತಿ. ತಾಲ್ಲೂಕು ಆದ ಮೇಲೆ ಅಲ್ಲಿ ಮಹಡಿಯ ಮೇಲೊಂದು ಹೊಸದು ತೆರೆದಿದೆ, ಬೋರ್ಡಿನಲ್ಲಿಯೇ ಫೈನ್ ಡೈನಿಂಗ್ ಎಂದು ಬರೆದಿದೆ, ಏಳಕ್ಕೆ ಉಂಡರೆ ಎಂಟಕ್ಕೆ ಮನೆ. "ಹೆಣ್ಣು ನೋಡಿದಂಗೆ ಒಂದು ಸಾರಿ ನೋಡ್ಕಂಡು ಬರಾಣ ನಡಿ" ಎಂದು ಬುಧವಾರ ಮಧ್ಯಾಹ್ನ ಬಸ್ಸು ಹತ್ತಿಸಿದರು.

ಮೆಟ್ಟಿಲು ಹತ್ತಿ ಹೋದೆವು. ಪ್ಲೈವುಡ್ಡಿನ ಕ್ಯಾಬಿನ್‌ಗಳು, ಪ್ರತಿಯೊಂದಕ್ಕೂ ಕೆಂಪು ಕರ್ಟನ್, ಗೋಡೆಯ ಟಿವಿಯಲ್ಲಿ ಕ್ರಿಕೆಟ್. ಮಾಲೀಕರು ಬಹಳ ಮರ್ಯಾದೆಯ ಮನುಷ್ಯ. ಇವರು ಹಿಂದೆ ಅವರ ಎಮ್ಮೆಗೆ ಔಷಧಿ ಕೊಟ್ಟಿದ್ದರಂತೆ.

"ಡಾಕ್ಟ್ರೇ, ಕೂತ್ಕಳ್ರಿ, ಗೋಬಿ ತರಿಸ್ತೀನಿ, ಬಿಸಿ ಐತೆ."

ಇವರು ಮುಟ್ಟಲಿಲ್ಲ. ಹೆಣ್ಣು ನೋಡಲು ಹೋದ ಮನೆಯಲ್ಲಿ ಒಪ್ಪಿಗೆಯಾಗುವವರೆಗೆ ಊಟ ಮಾಡಬಾರದು ಎನ್ನುವುದು ಇವರ ಕಡೆಯ ಪದ್ಧತಿ. ನೋಡಲು ಬಂದದ್ದು ಹೋಟೆಲನ್ನಾದರೂ ಆ ಪದ್ಧತಿಯೇ ನಡೆಯಿತು. "ಇನ್ನೂ ಮಾತು ಮುಗಿದಿಲ್ಲ, ಆಮೇಲೆ ಉಣ್ತೀವಿ" ಎಂದರು. ಪಾಪ, ಆ ಮನುಷ್ಯನಿಗೆ ಯಾವ ಮಾತು ಎಂದು ತಿಳಿಯಲಿಲ್ಲ. ಮಾಲೀಕರು ನನ್ನನ್ನು ನೋಡಿದರು, ನಾನು ಕ್ರಿಕೆಟ್ ನೋಡಿದೆ. ಹೋಟೆಲಿನಿಂದ ಹಸಿದುಕೊಂಡೇ ಇಳಿದು ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ತಿಂದೆವು.

"ಹೆಂಗೈತೆ?" ಎಂದರು.

"ಟೇಬಲ್ಲಿನ ಮೇಲೆ ಪ್ಲಾಸ್ಟಿಕ್ ಹಾಕಿದಾರೆ."

"ಒರೆಸಾಕೆ ಅನುಕೂಲ."

ಇವರು ಸಿಪ್ಪೆಯನ್ನು ಅಲ್ಲೇ ನಿಂತಿದ್ದ ಕರುವಿಗೆ ಕೊಟ್ಟು, "ಸರಿ ಬಿಡು, ನಿಂಗೆ ಎಲ್ಲಿ ಬೇಕೋ ಅಲ್ಲಿ" ಎಂದರು. ಆ ಬಸ್ಸಿನಲ್ಲಿ ಹೊನ್ನಾಳಿ ತಲುಪುವವರೆಗೆ ನಾನು ಯೋಚಿಸಿದ್ದು ಅಕ್ಕನ ಮಾತ್ರೆಯನ್ನಲ್ಲ. ಇಳಿದ ಮೇಲೆ ಮಗಳಿಗೆ ಫೋನ್ ಮಾಡಿ ದಾವಣಗೆರೆಯ ಟೇಬಲ್ ಬುಕ್ ಮಾಡು ಎಂದೆ. ಎಂಟು ಗಂಟೆಗೆ, ಇಬ್ಬರಿಗೆ.

ಅಂದು ರಾತ್ರಿ ಊಟಕ್ಕೆ ಕೂತಾಗ ದಾವಣಗೆರೆಯ ವಿಷಯ ಅಕ್ಕನಿಗೆ ಹೇಳಿದೆ. ಮಾರನೆಯ ಬೆಳಿಗ್ಗೆ ಹೇಳಿದರು, "ಜಗಳೂರಾಗೆ ನಮ್ಮ ಮೈದುನನ ಮೊಮ್ಮಗೂನ ತೊಟ್ಟಿಲಿಗೆ ಹಾಕ್ತಾರಂತೆ. ಕರೆದಾರೆ. ಹೋಗಿ ನಾಕು ದಿನ ಇದ್ದು ಬರ್ತೀನಿ."

ಹನ್ನೊಂದು ವರ್ಷದಿಂದ ಅವರು ಜಗಳೂರಿಗೆ ಹೋಗಿರಲಿಲ್ಲ. ನಾನು ಯಾವಾಗ ಕರೆದರು ಎಂದು ಕೇಳಲಿಲ್ಲ. ಮಾತ್ರೆಗಳನ್ನು ಬೆಳಗಿನದು, ರಾತ್ರಿಯದು ಎಂದು ಬೇರೆ ಬೇರೆ ಕವರಿಗೆ ಹಾಕಿಕೊಟ್ಟೆ.

ದಾವಣಗೆರೆಯ ಊಟ ಚೆನ್ನಾಗಿತ್ತು. ಮಗಳು ನಮ್ಮನ್ನು ಲಿಫ್ಟಿನವರೆಗೆ ಬಿಟ್ಟು ಹೋದಳು. ಮೆನು ಇಂಗ್ಲಿಷಿನಲ್ಲಿತ್ತು, ನಾನು ಓದಿ ಹೇಳಿದೆ. ಸೂಪು ಬಂದಾಗ ಇವರು, "ಊಟಕ್ಕೆ ಮೊದಲೇ ಕಷಾಯನಾ? ಯಾರಿಗೆ ಜ್ವರ?" ಎಂದರು. ವೇಟರ್ ನಗು ತಡೆದುಕೊಂಡ. ಆಮೇಲೆ ಬಂದದ್ದನ್ನೆಲ್ಲ ಇವರು ಜೀವಮಾನವಿಡೀ ಉಂಡ ಹಾಗೆಯೇ, ಯಾವುದೋ ಹಳ್ಳಿಯಲ್ಲಿ ಹಸು ಕರು ಹಾಕಲು ಒದ್ದಾಡುತ್ತಿದೆ ಎನ್ನುವ ಹಾಗೆ, ಹತ್ತು ನಿಮಿಷದಲ್ಲಿ ಉಂಡು ಮುಗಿಸಿದರು. ನ್ಯಾಪ್‌ಕಿನ್ನಿನಿಂದ ಬೆರಳು ಒರೆಸಿಕೊಂಡರು. ಸದ್ದೇ ಆಗಲಿಲ್ಲ. ಊಟ ಮುಗಿಯಿತೆಂದು ನನಗೆ ತಿಳಿದದ್ದು ಅವರು ಫೋನ್ ತೆಗೆದಾಗ.

"ಅಕ್ಕಾ, ಉಂಡೆ ಕಣಕ್ಕಾ. ನೀನು ಉಣ್ಣು."

ಅಕ್ಕನ ದನಿ ಟೇಬಲ್ಲಿನ ಈ ಕಡೆಗೂ ಕೇಳಿಸಿತು. "ನಂದು ಏಳಕ್ಕೇ ಆತೋ ತಮ್ಮಾ. ಇಲ್ಲಿ ಗಂಡಸರು ಹೆಂಗಸರು ಎಲ್ಲಾ ಒಟ್ಟಿಗೇ ಕೂರ್ತಾರೆ. ನಾನೂ ಕೂತೆ."

ಇವರು ಫೋನನ್ನು ಟೇಬಲ್ ಕ್ಲಾತಿನ ಮೇಲೆ ಕವುಚಿ ಇಟ್ಟರು. "ಮೊದಲೇ ಉಂಡಳಂತೆ" ಎಂದರು, ನನಗೆ ಕೇಳಿಸಿಲ್ಲವೇನೋ ಎಂಬಂತೆ. ಆಮೇಲೆ, ಬೇರೆ ಕೆಲಸವಿಲ್ಲದ್ದರಿಂದಲೋ ಏನೋ, ನಾನು ಉಣ್ಣುವುದನ್ನು ನೋಡತೊಡಗಿದರು.

"ನೀನು ಅನ್ನನ ಹಿಂಗೆ ಒಂದು ಕಡೆ ಸರಿಸಿಕೊಂಡು ಉಣ್ತೀಯಾ?"

"ಮೊದಲಿಂದ ಹಿಂಗೇ."

"ಹೌದಾ? ನಂಗೆ ಗೊತ್ತೇ ಇರಲಿಲ್ಲ."

ಅವರಿಗೆ ಹೇಗೆ ಗೊತ್ತಿರಬೇಕು? ಗೊತ್ತಿದ್ದವರು ಜಗಳೂರಿನಲ್ಲಿದ್ದರು. ಅಕ್ಕ ನನಗೆ ಬಡಿಸುವಾಗ ಅನ್ನವನ್ನು ತಟ್ಟೆಯ ಎಡಗಡೆಗೇ ಹಾಕುತ್ತಿದ್ದರು ಎಂದು ಆಗ ಹೊಳೆಯಿತು. ನಾನು ನಿಧಾನಕ್ಕೆ ಉಂಡೆ. ಇವರು ಕಾದು ಕೂತಿದ್ದರು. ನಾನು ಬಯಸಿದ್ದು ನನಗೆ ಪೂರ್ತಿಯಾಗಿ ಸಿಕ್ಕಿತು, ಅದರಲ್ಲಿ ಸುಳ್ಳಿಲ್ಲ. ಐಸ್‌ಕ್ರೀಮನ್ನೂ ತಿಂದೆವು.

ಜಗಳೂರಿನವರು ಅಕ್ಕನನ್ನು ಇನ್ನಷ್ಟು ದಿನ ಉಳಿಸಿಕೊಂಡರು. ಒಂಬತ್ತನೆಯ ದಿನ ಬೆಳಿಗ್ಗೆ ಸ್ನಾನಕ್ಕೆ ಹೋದವರು ಬಚ್ಚಲ ಬಾಗಿಲಲ್ಲೇ ಕೂತರಂತೆ, ಏಳಲಿಲ್ಲ. ಹಾರ್ಟ್ ಎಂದರು. ಮಣ್ಣು ಮುಗಿದ ಮೇಲೆ ಅವರ ಓರಗಿತ್ತಿ ನನ್ನ ಪಕ್ಕ ಬಂದು ಕೂತು ಹೇಳಿದರು. ತೊಟ್ಟಿಲ ಶಾಸ್ತ್ರ ಯಾವುದೂ ಇರಲಿಲ್ಲ. ಮೊಮ್ಮಗುವಿಗೆ ಆಗಲೇ ಐದು ವರ್ಷ. "ಯಾಕೋ ಇದ್ದಕ್ಕಿದ್ದಂಗೆ ಬಂದುಬಿಟ್ರು. ಬಂದ ದಿನ ನಮ್ಮ ಜೊತೇಲಿ ಕೂತ್ಕಳ್ಳಾಕೆ ಒಂಥರಾ ಮಾಡಿದ್ರು. ಮಾರನೇ ದಿನ ಎಲ್ಲರಿಗಿಂತ ಮೊದಲು ತಟ್ಟೆ ಇಟ್ಕಂಡು ಕೂತ್ರು, ಎರಡು ಸಾರಿ ಸಾರು ಹಾಕಿಸ್ಕಂಡ್ರು." ಮಾರನೇ ದಿನ ಎಂದರೆ ನಮ್ಮ ಟೇಬಲ್ಲಿನ ದಿನ. ನಾನು ಹೌದೇ ಎಂದೆ. ಇವರಿಗೆ ಇದನ್ನು ಇನ್ನೂ ಹೇಳಿಲ್ಲ.

ಜಗಳೂರಿನಲ್ಲಿ ಬಟ್ಟೆ ಸರಿಸಿ ತೋರಿಸಿದ ಮುಖವನ್ನು ನಾನು ನೋಡಿದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಕ್ಕನನ್ನು ಕಡೆಯ ಸಾರಿ ನೋಡಿದ್ದು ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ, ಬೆಳಿಗ್ಗೆ ಒಂಬತ್ತೂವರೆಗೆ. ದಾವಣಗೆರೆಯಲ್ಲಿ ಮಗಳು ಇಳಿಸಿಕೊಂಡು ಜಗಳೂರು ಬಸ್ಸಿಗೆ ಹತ್ತಿಸುವುದೆಂದು ಮಾತಾಗಿತ್ತು. ಕಿಟಕಿಯ ಸೀಟು ಸಿಕ್ಕಿತ್ತು. ನಾನು ಕೆಳಗೆ ನಿಂತಿದ್ದೆ. ಅಕ್ಕ ಸರಳುಗಳ ನಡುವಿನಿಂದ ಬಗ್ಗಿ, ಯಾರಿಗೂ ಕೇಳಬಾರದೆಂಬಂತೆ ಹೇಳಿದರು, "ಅಲ್ಲಿ ಬಡಿಸಾಕೆ ಜನ ಇರ್ತಾರಂತಲ್ಲ, ನೀನು ಎದ್ದು ನಿಂತುಗಿಂತೀಯ. ಕೂತೇ ಉಣ್ಣು."

"ಆಯ್ತು ಅಕ್ಕಾ."

"ಅವನು ಬೇಗ ಬೇಗ ಉಂಡುಬಿಡ್ತಾನೆ. ಅವನು ಎದ್ದ ಅಂತ ನೀನು ಅರ್ಧಕ್ಕೆ ಬಿಡಬ್ಯಾಡ."

ಕಂಡಕ್ಟರ್ ಸೀಟಿ ಊದಿದ. ಪಕ್ಕದ ಸೀಟಿನ ಹೆಂಗಸು ಇಬ್ಬರ ನಡುವೆ ಒಂದು ಕೋಳಿಯ ಬುಟ್ಟಿ ಇಟ್ಟಿದ್ದಳು. ಅದನ್ನು ಕೆಳಗಿಡು ಎಂದು ಅಕ್ಕ ಆಕೆಯ ಕಡೆ ತಿರುಗಿ ಹೇಳುತ್ತಿದ್ದರು. ಬಸ್ಸು ಗೇಟು ದಾಟಿ ತಿರುಗುವಾಗಲೂ ಅವರು ಆ ಬುಟ್ಟಿಯ ಕಡೆಗೇ ಕೈ ಮಾಡಿ ಏನೋ ಹೇಳುತ್ತಲೇ ಇದ್ದರು.